ಎತ್ತರ ಎಲ್ಲಿಂದ ತರೋದು?

ತ್ರಿಭುಜದ ವಿಸ್ತೀರ್ಣ ಅಂದ್ರೆ ಪಾದ ಗುಣಿಸು ಎತ್ತರದ ಅರ್ಧ, ಅಷ್ಟೇ ಸಾಕು ಅಂತ ಲೇಖನದಲ್ಲಿ ಬರೆದಿದ್ದೀರಿ. ಪುಸ್ತಕದಲ್ಲಿ ಸರಿ. ಆದರೆ ಜಾಗದಲ್ಲಿ ನಿಂತು ಟೇಪ್ ಹಿಡಿದಾಗ ಎತ್ತರದ ಗೆರೆ ಯಾರು ಎಳೆದಿರುತ್ತಾರೆ? ಸಿಗೋದು ಮೂರು ಬದಿ ಮಾತ್ರ.

ನಮ್ಮೂರಲ್ಲಿ ಒಂದು ಮೂಲೆ ಜಾಗ ನೋಡಲು ಹೋಗಿದ್ದೆ. ಬದಿಗಳು 130, 140, 150 ಅಡಿ. ಬ್ರೋಕರ್ 130 ಮತ್ತು 150ರ ಸರಾಸರಿ ತೆಗೆದು, ಅದನ್ನು 140ರ ಅರ್ಧದಿಂದ ಗುಣಿಸಿ 9800 ಚದರಡಿ ಅಂದರು. ಮನೆಗೆ ಬಂದು ಮೂರು ಬದಿಯಿಂದಲೇ ವಿಸ್ತೀರ್ಣ ಕೊಡೋ ಒಂಬತ್ತನೇ ಕ್ಲಾಸಿನ ಹೆರಾನ್ ಸೂತ್ರ ಹಾಕಿದೆ. ಸುತ್ತಳತೆಯ ಅರ್ಧ 210. ಅದರಿಂದ ಒಂದೊಂದು ಬದಿ ಕಳೆದರೆ 80, 70, 60. ನಾಲ್ಕನ್ನೂ ಗುಣಿಸಿ ವರ್ಗಮೂಲ ತೆಗೆದರೆ ಬರೋದು 8400! ಗುಂಟೆಗೆ 1089 ಚದರಡಿ. ಅಂದರೆ ಒಂದು ಗುಂಟೆಗಿಂತ ಜಾಸ್ತಿ ಜಾಗ ಬರೀ ಲೆಕ್ಕದಲ್ಲೇ ಹುಟ್ಟಿತ್ತು. ಅನುಮಾನ ಇದ್ದರೆ ನೋಡಿ, 140ರ ಬದಿಗೆ ಎತ್ತರ ಸರಿಯಾಗಿ 120 ಅಡಿ. ನಿಮ್ಮ ಸೂತ್ರಕ್ಕೂ 8400 ಬರುತ್ತದೆ.

ಬ್ರೋಕರ್ ಸುಮ್ನೆ ಬುರುಡೆ ಬಿಟ್ಟರು ಅಂತಲೂ ಹೇಳೋಕಾಗಲ್ಲ. ಈ ಸರಾಸರಿ ಲೆಕ್ಕ ತುಂಬಾ ಹಳೇದು. ಕ್ರಿ.ಶ. 628ರಲ್ಲೇ ಗಣಿತಜ್ಞ ಬ್ರಹ್ಮಗುಪ್ತ ಇದನ್ನು ಒರಟು ಲೆಕ್ಕ ಅಂತ ಬೇರೆ ಇಟ್ಟು, ನಿಖರ ಲೆಕ್ಕವನ್ನೂ ಕೊಟ್ಟಿದ್ದಾನೆ. ಅಮೋಘವರ್ಷನ ಕಾಲದ ನಮ್ಮ ಮಹಾವೀರಾಚಾರ್ಯರೂ ಎರಡನ್ನೂ ಹೇಳಿದ್ದಾರೆ. ನಮ್ಮವರು ಒರಟನ್ನು ಮಾತ್ರ ನೆನಪಿಟ್ಟುಕೊಂಡರು, ಅದೂ ಮಾರುವಾಗ ಮಾತ್ರ, ಅಲ್ವಾ?

ಮುಂದಿನ ಭಾಗದಲ್ಲಿ ನಾಲ್ಕು ಬದಿ ಇರೋ ಅಂಕುಡೊಂಕು ಸೈಟಿನ ಬಗ್ಗೆ ಬರೀರಿ. ಅಲ್ಲಿ ನಾಲ್ಕು ಬದಿ ಅಳೆದರೆ ಸಾಲದು, ಒಂದು ಕರ್ಣವನ್ನೂ, ಅಂದ್ರೆ ಮೂಲೆಯಿಂದ ಎದುರು ಮೂಲೆಗಿರೋ ದೂರವನ್ನೂ, ಅಳೆಯಬೇಕು.