ಪರ್ಫ್ಲೀಟ್ ಸಿಡಿಮದ್ದಿನ ಉಗ್ರಾಣ: ಸಿಡಿಲಿನ ಪ್ರಸಂಗ ಬಿಟ್ಟುಹೋಗಿದೆ
ಇಂಗ್ಲೆಂಡಿನ ಥೇಮ್ಸ್ ನದಿ ದಂಡೆಯ ಪರ್ಫ್ಲೀಟ್ ಸಿಡಿಮದ್ದಿನ ಉಗ್ರಾಣದ ಕುರಿತ ನಿಮ್ಮ ಲೇಖನ ಇಷ್ಟವಾಯಿತು. ಲಂಡನ್ ಬಳಿಯ ಗ್ರೀನಿಚ್ ಜನ ತಮ್ಮ ಪಕ್ಕದಲ್ಲಿ ಮದ್ದು ಬೇಡವೆಂದು ಪಟ್ಟುಹಿಡಿದದ್ದು, 1760ರ ದಶಕದಲ್ಲಿ ಅದು ಪರ್ಫ್ಲೀಟಿಗೆ ಬಂದದ್ದು ಎಲ್ಲ ಇದೆ. ಆದರೆ ಸಿಡಿಲಿನ ಪ್ರಸಂಗವೇ ಇಲ್ಲ! ನನ್ನ ಮಟ್ಟಿಗೆ ಆ ಜಾಗದ ಜೀವಾಳವೇ ಅದು.

1769ರಲ್ಲಿ ಇಟಲಿಯ ಬ್ರೆಷಿಯಾದಲ್ಲಿ ಸಿಡಿಲು ಬಡಿದು ಮದ್ದು ಸ್ಫೋಟಿಸಿತು, ನೂರಾರು ಜನ ಸತ್ತರು. ಪರ್ಫ್ಲೀಟಿಗೂ ಅದೇ ಗತಿ ಬಂದೀತೆಂದು ಹೆದರಿದ ಅಧಿಕಾರಿಗಳು ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಸಲಹೆ ಕೇಳಿದರು. ಅದು ನೇಮಿಸಿದ 1772ರ ಸಮಿತಿಯಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್, ವಿಜ್ಞಾನಿ ಹೆನ್ರಿ ಕ್ಯಾವೆಂಡಿಷ್ ಇದ್ದರು. ಸಿಡಿಲನ್ನು ನೆಲಕ್ಕಿಳಿಸುವ ಲೋಹದ ಕಂಬಿ, ಅಂದರೆ ಮಿಂಚುವಾಹಕವನ್ನು, ಫ್ರಾಂಕ್ಲಿನ್ ಹೇಳಿದಂತೆ ಚೂಪು ತುದಿಯದ್ದನ್ನೇ ಹಾಕಿ ಎಂಬುದು ಸಮಿತಿಯ ತೀರ್ಮಾನ. ಸಮಿತಿಯಲ್ಲಿದ್ದ ಬೆಂಜಮಿನ್ ವಿಲ್ಸನ್ ಮಾತ್ರ ಮೊಂಡು ತುದಿಯೇ ಸರಿಯೆಂದು ವಾದಿಸಿದರು.

1777ರ ಮೇ ತಿಂಗಳಲ್ಲಿ ಚೂಪು ತುದಿಯ ಮಿಂಚುವಾಹಕವಿದ್ದ, ಉಗ್ರಾಣದ ಆಡಳಿತ ಮಂಡಳಿಯ ಕಟ್ಟಡವಾದ ಬೋರ್ಡ್ ಹೌಸ್‌ಗೇ ಸಿಡಿಲು ಬಡಿಯಿತು. ನಷ್ಟ ಅಲ್ಪ, ಜಗಳ ಮಾತ್ರ ದೊಡ್ಡದಾಯಿತು. ದೊರೆ ಮೂರನೇ ಜಾರ್ಜ್ ಮೊಂಡು ತುದಿಯ ಪರ ನಿಂತ. ಬ್ರಿಟನ್ ವಿರುದ್ಧ ಅಮೆರಿಕದ ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದ ಕಾಲ, ಫ್ರಾಂಕ್ಲಿನ್ ಅಮೆರಿಕದ ಕಡೆಯವರು. ಫ್ರಾಂಕ್ಲಿನ್ ಮೇಲಿನ ಸಿಟ್ಟು ವಿಜ್ಞಾನದೊಳಕ್ಕೂ ನುಸುಳಿತ್ತು ಎಂದೇ ನನ್ನ ನಂಬಿಕೆ.

1962ರಲ್ಲಿ ಉಗ್ರಾಣ ಮುಚ್ಚಿತು, ಐದು ಕಟ್ಟಡಗಳಲ್ಲಿ ನಾಲ್ಕನ್ನು ಆಮೇಲೆ ಕೆಡವಿದರು. ಉಳಿದ ಐದನೆಯದು ಈಗ ವಸ್ತುಸಂಗ್ರಹಾಲಯ. ದಯವಿಟ್ಟು ಈ ಸಿಡಿಲಿನ ಭಾಗವನ್ನೂ ಲೇಖನಕ್ಕೆ ಸೇರಿಸಿ.