ಬೇಕಂತಲೇ ತುಕ್ಕು ಹಿಡಿಸಿದ್ದು

ಆಸ್ಟ್ರೇಲಿಯಾದ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ನನ್ನ ಸೂಟ್‌ಕೇಸಿನಿಂದ ಮೊದಲು ಹೊರತೆಗೆದದ್ದು ಒಂದು ಕಿಲೋ ಬಿಳಿ ಪುಡಿ.

"ಇದೇನು?"

"ವಾಷಿಂಗ್ ಸೋಡಾ. ಬಟ್ಟೆಗೆ."

"ಬಟ್ಟೆ ಒಗೆಯೋಕೆ ಇಲ್ಲೀವರೆಗೆ ಬಂದ್ರಾ?"

"ಅಲ್ಲ ಸಾರ್, ಬಣ್ಣ ಹಾಕೋದು ಕಲಿಸೋಕೆ." ರಿಯಾಕ್ಟಿವ್ ಬಣ್ಣ ಹತ್ತಿಗೆ ಕಚ್ಚಿಕೊಳ್ಳಬೇಕಾದರೆ ಕ್ಷಾರ ಬೇಕು ಅಂತ ಅರ್ಧ ಪಾಠ ಅಲ್ಲೇ ಒಪ್ಪಿಸಿಬಿಟ್ಟೆ. ಅಷ್ಟರಲ್ಲಿ ಆತ ಮುಂದಿನ ಡಬ್ಬಿ ತೆರೆದಿದ್ದ. ಅದರ ತುಂಬ ಮೊಳೆಗಳು.

"ತುಕ್ಕು ಹಿಡಿದಿದೆ."

"ಬೇಕಂತಲೇ ಹಿಡಿಸಿದ್ದು."

ವಿನೆಗರಿನಲ್ಲಿ ನೆನೆಸಿದ ಬಟ್ಟೆಯಲ್ಲಿ ಈ ಮೊಳೆಗಳನ್ನು ಸುತ್ತಿಟ್ಟರೆ ಬೆಳಗಾಗುವಷ್ಟರಲ್ಲಿ ಕಂದು ಚಿತ್ತಾರ ಮೂಡಿರುತ್ತದೆ. ಆದರೆ ಆ ಮನುಷ್ಯನ ಮುಖ ನೋಡಿ ಅದನ್ನು ಹೇಳುವ ಧೈರ್ಯ ಬರಲಿಲ್ಲ. ಕೊನೆಗೆ ಸೋಡಾ ಪಾಸಾಯಿತು, ಮೊಳೆ ಪಾಸಾಯಿತು. ಸಿಕ್ಕಿಬಿದ್ದದ್ದು ಒಣಗಿದ ಎಲೆಗಳು! ಎಲೆಯ ಅಚ್ಚು ತೆಗೆಯಲು ತಿಂಗಳುಗಟ್ಟಲೆ ಪುಸ್ತಕದಲ್ಲಿಟ್ಟು ಒಣಗಿಸಿದ್ದೆ. ಆ ದೇಶದಲ್ಲಿ ಗಿಡಮರದ್ದು ಏನೇ ಇದ್ದರೂ ಫಾರಮಿನಲ್ಲಿ ಬರೆದು ತಿಳಿಸಬೇಕು. ಬರೆದಿದ್ದೆ. ಸತ್ಯ ಹೇಳಿದ್ದಕ್ಕೆ ಥ್ಯಾಂಕ್ಸ್ ಹೇಳಿ ಎಲೆಗಳನ್ನು ಇಟ್ಟುಕೊಂಡರು.

ಮುಂದಿನ ಸಲ ಜಪಾನ್. ಈ ಬಾರಿ ಎಲೆಯೂ ಇಲ್ಲ, ಮೊಳೆಯೂ ಇಲ್ಲ; ಜಾಣೆಯಾಗಿದ್ದೆ. ನೆಚ್ಚಿನ ಇಸ್ತ್ರಿ ಪೆಟ್ಟಿಗೆ ಮತ್ತು ಪ್ಲಗ್ಗಿಗೆ ಅಡಾಪ್ಟರ್ ಮಾತ್ರ ತುಂಬಿಕೊಂಡಿದ್ದೆ. ಟೈವೆಕ್ ಅಂದರೆ ಕಾಗದದಂತೆ ಕಾಣುವ ಪ್ಲಾಸ್ಟಿಕ್ ನಾರಿನ ಹಾಳೆ. ಅದಕ್ಕೆ ಬಣ್ಣ ಬಳಿದು, ಎರಡು ಬೇಕಿಂಗ್ ಪೇಪರಿನ ನಡುವೆ ಇಟ್ಟು ಇಸ್ತ್ರಿ ಆಡಿಸಿದರೆ ಅದು ಸುರುಟಿ, ಗುಳ್ಳೆ ಗುಳ್ಳೆ ಎದ್ದು ಚಂದವಾಗುತ್ತದೆ. "ಕಣ್ಣು ಮಿಟುಕಿಸಬೇಡಿ, ಎರಡೇ ಸೆಕೆಂಡು" ಅಂದೆ. ಕಲಿಯಲು ಬಂದಿದ್ದ ಹನ್ನೆರಡು ಜನ ಕಣ್ಣು ಮಿಟುಕಿಸದೆ ನಿಂತರು. ಎರಡು ನಿಮಿಷವಾಯಿತು. ಹಾಳೆ ಮಿಸುಕಲಿಲ್ಲ.

ಅಡಾಪ್ಟರ್ ಬದಲಿಸುವುದು ಪ್ಲಗ್ಗಿನ ಆಕಾರವನ್ನು, ವೋಲ್ಟನ್ನಲ್ಲ. ಅಲ್ಲಿ ಬರುವುದು 100 ವೋಲ್ಟ್, ನನ್ನ ಪೆಟ್ಟಿಗೆ ಕೇಳುವುದು 230. ವೋಲ್ಟ್ ಅರ್ಧಕ್ಕಿಂತ ಕಡಿಮೆಯಾದರೆ ಶಾಖ ಐದರಲ್ಲೊಂದು ಪಾಲಿಗೆ ಇಳಿಯುತ್ತದಂತೆ. ಆ ಕೋಣೆಯಲ್ಲಿ ಸರಿಯಾಗಿ ಬಿಸಿಯಾಗಿದ್ದು ನನ್ನ ಕಿವಿ ಮಾತ್ರ. ಒಬ್ಬರು ಮೆಲ್ಲಗೆ ಅಲ್ಲಿನದೇ ಇಸ್ತ್ರಿ ಪೆಟ್ಟಿಗೆ ತಂದುಕೊಟ್ಟರು. ಹುಮ್ಮಸ್ಸಿನಿಂದ ಒತ್ತಿದೆ. ಹಾಳೆ ಬೆರಳುಗುರಿನಷ್ಟಾಯಿತು.

ಮಧ್ಯಾಹ್ನ ನೀರಿನಲ್ಲಿ ಕರಗುವ ಫಿಲ್ಮಿನ ಮೇಲೆ ಕಸೂತಿ. ಹೊಲಿದು ಮುಗಿಸಿ ತೊಳೆದರೆ ತಳ ಕರಗಿ ಲೇಸ್ ಉಳಿಯುತ್ತದೆ. ಒಂದೇ ಷರತ್ತು: ಹೊಲಿಗೆಗಳು ಒಂದನ್ನೊಂದು ಹಾದು ಹೆಣೆದುಕೊಂಡಿರಬೇಕು. ಅದನ್ನು ನಾನು ಹೇಳಿದ್ದೆ. ಹೇಳಿದ್ದೆ ಅಂತಲೇ ನನ್ನ ನಂಬಿಕೆ. ದುಭಾಷಿಯನ್ನು ಕೇಳಿದರೆ ನೆನಪಿಲ್ಲ ಅಂದರು. ಒಬ್ಬ ಹಿರಿಯ ಮಹಿಳೆ ನಾಲ್ಕು ಗಂಟೆ ಕೂತು, ಒಂದಕ್ಕೊಂದು ತಾಗದಂತೆ, ಬಿಡಿಬಿಡಿಯಾಗಿ ಒಂದು ಕೊಕ್ಕರೆ ಹೊಲಿದರು. ಎಲ್ಲರೂ ಸುತ್ತ ನೆರೆದರು. ನೀರಿಗಿಳಿಸಿದರು. ಕೊಕ್ಕರೆ ಹಾರಿಹೋಯಿತು. ಬೋಗುಣಿಯಲ್ಲಿ ಉಳಿದದ್ದು ದಾರದ ಸಿಕ್ಕು.

ಆಕೆ ನಕ್ಕು, ಅದನ್ನೇ ಒಣಗಿಸಿ, ಪುಟ್ಟ ಲಕೋಟೆಯಲ್ಲಿಟ್ಟು, ಎರಡೂ ಕೈಯಲ್ಲಿ ಹಿಡಿದು ನನಗೆ ಕಾಣಿಕೆ ಕೊಟ್ಟರು.

ವಾಪಸ್ ಬರುವಾಗ ತಪಾಸಣೆಯಲ್ಲಿ ಲಕೋಟೆ ತೆರೆಸಿದರು.

"ಇದೇನು ಮೇಡಂ?"

"ನನ್ನ ವಿದ್ಯಾರ್ಥಿ ಮಾಡಿದ್ದು."

"ಓ! ಎಷ್ಟು ವಯಸ್ಸು ಮಗೂಗೆ?"

"ಎಪ್ಪತ್ತೆರಡು," ಅಂದೆ.