ಹಳಿ ಉಂಟಲ್ಲ, ಎಲ್ಲಿಗೆ ಹೋಗ್ತದೆ?

ಶಾಲೆ ಶುರುವಾದ ಮೊದಲ ದಿನ ಟೀಚರ್ ಕೇಳುವ ಪ್ರಶ್ನೆ ಒಂದೇ. ರಜೆಯಲ್ಲಿ ಎಲ್ಲಿಗೆ ಹೋಗಿದ್ರಿ? ನಮ್ಮ ಕಾಲದಲ್ಲಿ ಇಡೀ ಕ್ಲಾಸಿಗೆ ಒಂದೇ ಉತ್ತರ ಸಾಕಿತ್ತು, ಅಜ್ಜಿ ಮನೆ. ಈಗ ಹಾಗೆ ಹೇಳಿದರೆ ಪಾಪ, ಮನೆಯಲ್ಲಿ ಏನೋ ಕಷ್ಟ ಇರಬೇಕು ಎಂದು ಟೀಚರ್ ಮರುಗುತ್ತಾರೆ. ಕಳೆದ ವರ್ಷ ನನ್ನ ಮಗ ಆ ಉತ್ತರ ಕೊಟ್ಟು ಬಂದ. ಅವನ ಬೆಂಚಿನವನು ಸಿಂಗಾಪುರ, ಹಿಂದಿನ ಬೆಂಚಿನವಳು ಹಾಂಕಾಂಗ್. ಇವನು ಅಜ್ಜಿ ಮನೆ. ಅದೂ ಸುಳ್ಳು. ಅಜ್ಜಿ ಇರುವುದು ಉಡುಪಿಯಲ್ಲಿ, ನಮ್ಮ ಜೊತೆಗೇ.

ಹಾಗಾಗಿ ಈ ಸಲ ಅಜ್ಜಿಯನ್ನೇ ಕಟ್ಟಿಕೊಂಡು ಅಬುಧಾಬಿಗೆ ಹೋಗುವುದು ಎಂದು ತೀರ್ಮಾನವಾಯಿತು. ತೀರ್ಮಾನ ಮಾಡಿದ್ದು ಯಾರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಸ್ನಾನಕ್ಕೆ ಹೋಗಿ ಬರುವುದರೊಳಗೆ ಆಗಿತ್ತು.

"ಥೀಮ್ ಪಾರ್ಕ್ ನೋಡ್ಲಿಕ್ಕೆ ಅಷ್ಟು ದೂರ ಯಾಕೆ? ನಮ್ಮ ಜಿಲ್ಲೆಯಲ್ಲೇ ಉಂಟಲ್ಲ" ಅಂದೆ. ಹೆಂಡತಿ ನೋಡಿದ ನೋಟಕ್ಕೆ ಮುಂದಿನ ಮಾತು ಗಂಟಲಲ್ಲೇ ಉಳಿಯಿತು. ಅವಳ ತಪ್ಪಲ್ಲ. ಕಾರ್ಕಳದ ಹತ್ತಿರ ಬೈಲೂರಿನ ಗುಡ್ಡದ ಮೇಲೆ ಪರಶುರಾಮ ಥೀಮ್ ಪಾರ್ಕ್ ಉದ್ಘಾಟನೆಯಾದದ್ದು 2023ರ ಜನವರಿಯಲ್ಲಿ. ಆಳೆತ್ತರಕ್ಕೆ ಐದಾರು ಪಟ್ಟು ಎತ್ತರದ ಪರಶುರಾಮ ಕೊಡಲಿ ಹಿಡಿದು ನಿಂತ. ಆ ವರ್ಷ ಮುಗಿಯುವುದರೊಳಗೆ ಪ್ರತಿಮೆಯ ಮೇಲಿನ ಅರ್ಧ ಕೆಳಗಿಳಿಯಿತು. ಕಂಚೋ ಅಲ್ಲವೋ ಎಂದು ಗಲಾಟೆ, ಪ್ರತಿಭಟನೆ, ಕೇಸು, ತನಿಖೆ. ಕೊಡಲಿ ಎಸೆದು ಸಮುದ್ರವನ್ನೇ ಹಿಂದೆ ಸರಿಸಿ ನಮಗೆ ಈ ಊರು ಮಾಡಿಕೊಟ್ಟವ ಅವನು ಎಂದು ನಾವು ಹೇಳಿಕೊಳ್ಳುತ್ತೇವೆ. ಫೈಲು ಸರಿಸುವುದು ಮಾತ್ರ ಅವನ ಕೈಯಲ್ಲೂ ಆಗಲಿಲ್ಲ. ಆ ಪಾರ್ಕಿನಲ್ಲಿ ಬಿಡದೆ ಓಡಿದ ರೈಡ್ ಒಂದೇ. ತಪ್ಪು ಅವರದ್ದು ಎಂದು ಇವರು, ಇವರದ್ದು ಎಂದು ಅವರು. ಅದಕ್ಕೆ ಟಿಕೆಟ್ ಇಲ್ಲ, ಇಳಿಯುವ ಜಾಗವೂ ಇಲ್ಲ.

ಸರಿ, ಅಬುಧಾಬಿಯೇ. ಅಮ್ಮನ ತಮ್ಮ, ನನ್ನ ಸೋದರಮಾವ, ಅದೇ ಊರಿನಲ್ಲಿ 22 ವರ್ಷ ದುಡಿದು ಕಟಪಾಡಿಯಲ್ಲಿ ಮನೆ ಕಟ್ಟಿದವರು. ಫೋನ್ ಮಾಡಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ದುಡ್ಡು ತರ್ಲಿಕ್ಕೆ ಹೋಗುವ ಊರಿಗೆ ನೀವು ದುಡ್ಡು ಕೊಡ್ಲಿಕ್ಕೆ ಹೋಗುದಾ?" ಅಂದರು.

ಆ ದುಡ್ಡಿನ ಕಥೆಯನ್ನೂ ಹೇಳಿಬಿಡುತ್ತೇನೆ. ನಮ್ಮದು ಬ್ಯಾಂಕುಗಳನ್ನು ಹೆತ್ತ ಊರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಆಯಿತು, ಏಜೆಂಟ್ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ನನ್ನ ಅಜ್ಜ ಗೂಡಂಗಡಿಯ ಗಲ್ಲಾಪೆಟ್ಟಿಗೆಯಿಂದ ಪಿಗ್ಮಿ ಕಟ್ಟಿ ಕಟ್ಟಿಯೇ ಹಂಚಿನ ಮನೆ ಮಾಡಿದ್ದು. ಅವರ ಮೊಮ್ಮಗ ನಾನು ಥೀಮ್ ಪಾರ್ಕ್ ನೋಡಲು 3 ಲಕ್ಷ ಸಾಲ ತೆಗೆದೆ. 24 ಕಂತು. ದಿನದ ಲೆಕ್ಕಕ್ಕೆ ಇಳಿಸಿದರೆ 480 ರೂಪಾಯಿ. ಪಿಗ್ಮಿಯನ್ನೇ ತಲೆಕೆಳಗೆ ಹಿಡಿದ ಹಾಗೆ. ಏಜೆಂಟ್ ಬಾಗಿಲಿಗೆ ಬರುವುದಿಲ್ಲ ಅಷ್ಟೆ, ತಿಂಗಳ 5ಕ್ಕೆ ಮೊಬೈಲ್ ಟಿಣ್ ಅನ್ನುತ್ತದೆ.

ಮೇ ತಿಂಗಳಿಗೆ ಪ್ಯಾಕೇಜ್ ಅಗ್ಗ ಎಂದರು. ಯಾಕೆ ಅಗ್ಗ ಎಂದು ಕೇಳಬೇಕಿತ್ತು. ಉಡುಪಿಯ ಸೆಕೆ ತಡೆಯಲಾಗುವುದಿಲ್ಲ ಎಂದು 42 ಡಿಗ್ರಿಯ ಮರುಭೂಮಿಗೆ ಹೋಗಿ ಇಳಿದೆವು. ಬುದ್ಧಿವಂತರ ಜಿಲ್ಲೆಯವರು ಎಂದು ಸುಮ್ನೆ ಹೇಳುವುದಿಲ್ಲ.

ಯಾಸ್ ದ್ವೀಪದಲ್ಲಿ ಕೆಂಪು ಚಾವಣಿಯ ಫೆರಾರಿ ವರ್ಲ್ಡ್. ಒಳಗೆ ಎಂಥಾ ಎಸಿ ಎಂದರೆ ಅಮ್ಮ ಶಾಲು ಹೊದ್ದರು. ಅದು ತೆರೆದದ್ದು 2010ರ ನವೆಂಬರಿನಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ಕೆಲಸವೂ ಶುರುವಾಗಿತ್ತು. ಅದರ ಮೇಲೆ ವಾಹನ ಓಡಿದ್ದು 2020ರ ಜನವರಿ ಕೊನೆಗೆ. ಇಲ್ಲಿಯ ದೊಡ್ಡ ರೈಡ್ ಫಾರ್ಮುಲಾ ರೊಸ್ಸಾ. ನಿಂತಲ್ಲಿಂದ ಹೊರಟು 4.9 ಸೆಕೆಂಡಿನಲ್ಲಿ 240 ಕಿಲೋಮೀಟರ್ ವೇಗ. ತೆರೆದಾಗ ಜಗತ್ತಿನಲ್ಲೇ ಎಲ್ಲಕ್ಕಿಂತ ವೇಗದ ರೋಲರ್ ಕೋಸ್ಟರ್ ಅದು. ಪಂಪ್‌ವೆಲ್‌ನಲ್ಲಿ 4.9 ಸೆಕೆಂಡಿಗೆ ಒಂದು ಲಾರಿಯ ಹಾರ್ನ್ ಕೂಡ ನಿಲ್ಲುವುದಿಲ್ಲ.

ಬಾಗಿಲಲ್ಲೇ ಎತ್ತರ ಅಳೆಯುವ ಕೋಲು. ಏಳನೇ ಕ್ಲಾಸಿನ ಮಗ ಪಾಸಾದ. ಆರು ವರ್ಷದ ಮಗಳು ಗೆರೆಯ ಹತ್ತಿರಕ್ಕೂ ಬರಲಿಲ್ಲ. ಅಮ್ಮ ಅವಳ ಜುಟ್ಟನ್ನು ಬಿಚ್ಚಿ ನೆತ್ತಿಯ ಮೇಲೆ ಗಂಟು ಹಾಕಿ ಮತ್ತೆ ನಿಲ್ಲಿಸಿದರು. ಕೋಲು ಹಿಡಿದ ಹುಡುಗಿ ನಗುತ್ತಲೇ ಗಂಟನ್ನು ಬೆರಳಿನಿಂದ ಒತ್ತಿದಳು. ಗಂಟು ಕೂತಿತು, ಮಗಳು ಬೊಬ್ಬೆ ಹೊಡೆದಳು. ಹೆಂಡತಿ ಅವಳನ್ನು ಎತ್ತಿಕೊಂಡು ಆಟಿಕೆ ಕಾರಿನ ಕಡೆಗೆ ಹೋದಳು. ಉಳಿದವರು ನಾವು ಮೂವರು.

ಆಮೇಲೆ ಸಾಲು. ಬೋರ್ಡಿನಲ್ಲಿ 75 ನಿಮಿಷ ಎಂದಿತ್ತು. ನಾನು ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ದಿನವೂ ಸಾಲು ನಿಂತವನಲ್ಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುವ ಪೈಕಿ. ಅಲ್ಲಿ ಕಂಬಿಗಳ ನಡುವೆ ಹಾವಿನ ಹಾಗೆ ಅತ್ತಿತ್ತ ತಿರುಗಿ, ಎದುರು ಬಂದವರ ಮುಖವನ್ನೇ ಹನ್ನೊಂದು ಸಲ ನೋಡುತ್ತಾ, ಮುಂದಿನವರ ಬೆನ್ನಿಗೆ ಒಂದಡಿ ಜಾಗ ಬಿಟ್ಟು ನಿಂತೆ. ಎದುರು ಬರುವವರಲ್ಲಿ ಅರ್ಧಕ್ಕರ್ಧ ನಮ್ಮ ಕಡೆಯವರೇ. ಎಲ್ಲರ ಮುಖದಲ್ಲೂ ಅದೇ ಗಾಂಭೀರ್ಯ, ನಾವು ಹುಟ್ಟಿನಿಂದಲೇ ಹೀಗೆ ಅನ್ನುವ ಹಾಗೆ. ದುಡ್ಡು ಕೊಟ್ಟು ಕೊಂಡ ಶಿಸ್ತಿಗೆ ನಾವು ಮರ್ಯಾದೆ ಕೊಡುತ್ತೇವೆ. ಪುಕ್ಕಟೆ ಸಿಗುವುದರ ಮೇಲೆ ನಮಗೆ ನಂಬಿಕೆ ಕಮ್ಮಿ.

ಪಕ್ಕದಲ್ಲಿ ಇನ್ನೊಂದು ದಾರಿ. ಕ್ವಿಕ್ ಪಾಸ್‌ನವರು ನಮ್ಮತ್ತ ನೋಡದೆ ಸರಸರ ನಡೆದು ಹೋಗುತ್ತಿದ್ದರು. "ಅವರೆಲ್ಲ ಯಾರು?" ಎಂದು ಅಮ್ಮ ಕೇಳಿದರು. ಜಾಸ್ತಿ ದುಡ್ಡು ಕೊಟ್ಟವರು ಅಂದೆ. "ಓ, ವಿಶೇಷ ದರ್ಶನ" ಎಂದು ತಲೆಯಾಡಿಸಿದರು. ಸಾಲಿನ ವಿಷಯದಲ್ಲಿ ಅಮ್ಮನನ್ನು ಮೀರಿಸುವವರಿಲ್ಲ. ಎರಡು ವರ್ಷಕ್ಕೊಮ್ಮೆ ಪರ್ಯಾಯದ ರಾತ್ರಿ ರಥಬೀದಿಯಲ್ಲಿ ನಿದ್ದೆಗೆಟ್ಟು ನಿಂತವರು. ಕಿಂಡಿಯಲ್ಲಿ ಅರೆಗಳಿಗೆ ಕೃಷ್ಣನನ್ನು ನೋಡಲು ಗಂಟೆಗಟ್ಟಲೆ ಕಾದವರು. ಇಲ್ಲಾದರೆ ದರ್ಶನ ಒಂದೂವರೆ ನಿಮಿಷ ಎಂದು ಸಮಾಧಾನಪಟ್ಟರು. "ಪ್ರಸಾದ ಉಂಟಾ?" ಎಂದು ಮಾತ್ರ ಕೇಳಿದರು.

ಮಗ ಮೊಬೈಲಿನಲ್ಲಿ ಏನೋ ಹುಡುಕಿ, "ಪಪ್ಪಾ, ಇದೇ ದ್ವೀಪದಲ್ಲಿ ಡಿಸ್ನಿಯವ್ರೂ ಪಾರ್ಕ್ ಮಾಡ್ತಾರಂತೆ!" ಅಂದ. ನಿಜ, 2025ರ ಮೇ ತಿಂಗಳಲ್ಲಿ ಅವರು ಹಾಗೆ ಹೇಳಿದ್ದಾರೆ. ಎಸಿಯಲ್ಲೂ ನನಗೆ ಬೆವರು ಬಂತು. ನನ್ನ 24 ಕಂತು ಮುಗಿಯುವವರೆಗೆ ಅದು ತೆರೆಯದಿರಲಿ ಎಂದು ನಿಂತಲ್ಲೇ ಹರಕೆ ಹೊತ್ತೆ. ಪಂಪ್‌ವೆಲ್‌ನ ಮುಹೂರ್ತ ಇಟ್ಟವರೇ ಇದಕ್ಕೂ ಮುಹೂರ್ತ ಇಡಲಿ ಎಂದೂ ಸೇರಿಸಿದೆ.

ಹತ್ತುವ ಜಾಗದಲ್ಲಿ ಇನ್ನೊಂದು ಬೋರ್ಡು. ಬಿಪಿ ಇದ್ದವರು, ಬೆನ್ನುನೋವು ಇದ್ದವರು, ಕುತ್ತಿಗೆ ನೋವು ಇದ್ದವರು, ಹೃದಯದ ತೊಂದರೆ ಇದ್ದವರು ಹತ್ತಬಾರದು. ನಾಲ್ಕರಲ್ಲಿ ಮೂರು ನನ್ನ ಹತ್ತಿರ ಇದ್ದವು. ಇದೇ ಬೋರ್ಡು ಬಾಗಿಲಲ್ಲೂ ಇತ್ತಂತೆ, ನಾನು ಓದಿರಲಿಲ್ಲ. ಅಮ್ಮನಿಗೆ 67. ಬಿಪಿ ಇಲ್ಲ, ಶುಗರ್ ಇಲ್ಲ, ಬೆಳಿಗ್ಗೆ ಬಾವಿಯಿಂದ ಇಪ್ಪತ್ತು ಕೊಡ ನೀರು ಸೇದುವ ಬೆನ್ನು. "ಟಿಕೆಟ್ ಹಾಳು ಮಾಡುದು ಬೇಡ" ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು, ನೇಜಿ ನೆಡಲು ಗದ್ದೆಗೆ ಇಳಿಯುವವರ ಹಾಗೆ. ಕನ್ನಡಕ ತೆಗೆದು ನನ್ನ ಕೈಗಿಟ್ಟರು. ಪಾರ್ಕಿನವರು ಕೊಟ್ಟ ದೊಡ್ಡ ಗಾಗಲ್ಸ್ ಹಾಕಿಕೊಂಡರು. ಮಗನ ಶೂ, ಅಮ್ಮನ ಚಪ್ಪಲಿ, ಎರಡು ಚೀಲ, ಒಂದು ಶಾಲು, ಎಲ್ಲ ಹಿಡಿದುಕೊಂಡು ದೇವಸ್ಥಾನದ ಹೊರಗೆ ಚಪ್ಪಲಿ ಕಾಯುವವನ ಹಾಗೆ ನಾನು ಆಚೆ ನಿಂತೆ.

ಒಬ್ಬ ಹುಡುಗ ಬಂದು ಅಮ್ಮನ ಮಡಿಲ ಮೇಲಿನ ಕಂಬಿಯನ್ನು ಒತ್ತಿ ನೋಡಿದ. ನಾಲ್ಕು ಸೀಟು ಮುಂದೆ ಹೋಗಿ ತಿರುಗಿ ಬಂದು ಮತ್ತೊಮ್ಮೆ ಒತ್ತಿದ. ಇನ್ನೊಬ್ಬಳು ಬಂದು ಮೂರನೇ ಸಲ ಎಳೆದು ನೋಡಿ, ದೂರದಲ್ಲಿ ನಿಂತವನಿಗೆ ಹೆಬ್ಬೆರಳು ತೋರಿಸಿದಳು. ನಮ್ಮ ಮದುವೆಯಲ್ಲಿ ಕರಿಮಣಿಯ ಗಂಟನ್ನೂ ಯಾರೂ ಇಷ್ಟು ಸಲ ಎಳೆದು ನೋಡಿರಲಿಲ್ಲ. ಆಮೇಲೆ ಒಂದು ಸದ್ದು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅಮ್ಮ ಇದ್ದ ಜಾಗದಲ್ಲಿ ಗಾಳಿ ಮಾತ್ರ ಇತ್ತು.

ತಿರುಗಿ ಬಂದಾಗ ಮಗನ ಮುಖ ಬೇಯಿಸಿದ ಕಡುಬಿನ ಹಾಗೆ ಬೆಳ್ಳಗೆ. ಲಿಂಬೆ ಶರಬತ್ತು ಬೇಕು ಅಂದ. ಅಮ್ಮ ಮೊದಲು ಕನ್ನಡಕ ಕೇಳಿದರು, ಆಮೇಲೆ ಬಾಚಣಿಗೆ.

"ಹೆದರಿಕೆ ಆಗ್ಲಿಲ್ವಾ ಅಮ್ಮ?"

"ಎಂಥ ಹೆದರಿಕೆ? ಹಳಿ ಉಂಟಲ್ಲ ಮಗಾ. ಎಲ್ಲಿಗೆ ಹೋಗ್ತದೆ?"

ಹೊರಗೆ ಬರುವ ದಾರಿಯಲ್ಲಿ ಫೋಟೋ ಅಂಗಡಿ. ಓಡುವಾಗಲೇ ಕ್ಯಾಮೆರಾ ತಾನಾಗಿ ತೆಗೆದ ಫೋಟೋ. ಮಗನ ಬಾಯಲ್ಲಿ ಹುಳುಕು ಹಲ್ಲಿನವರೆಗೂ ಕಾಣುತ್ತಿತ್ತು. ಪಕ್ಕದಲ್ಲಿ ಅಮ್ಮ, ಕಿಟಕಿ ಪಕ್ಕದ ಸೀಟು ಸಿಕ್ಕಿದವರ ಹಾಗೆ. ಬೆಲೆ ದಿರ್ಹಮ್‌ನಲ್ಲಿ. ಮಗ ತಟ್ಟನೆ ರೂಪಾಯಿಗೆ ತಿರುಗಿಸಿ ಹೇಳಿದ. ಏಳನೇ ಕ್ಲಾಸಿನವರೆಗೆ ಹದಿಮೂರರ ಮಗ್ಗಿ ಬಾರದವನು ಮೂರೇ ದಿನದಲ್ಲಿ ಇಪ್ಪತ್ತನಾಲ್ಕರ ಮಗ್ಗಿ ಕಲಿತಿದ್ದ. ಇಡೀ ಪ್ರವಾಸದಲ್ಲಿ ವಸೂಲಾದದ್ದು ಅದೊಂದೇ.

ಮರುದಿನ ಪಕ್ಕದ ಸೀವರ್ಲ್ಡ್. ಮಲ್ಪೆಗೆ ಹತ್ತೇ ನಿಮಿಷದ ದಾರಿಯಲ್ಲಿ ಮನೆ ಇರುವವರು ಮರುಭೂಮಿಯ ನಡುವೆ ಎಸಿ ಸಮುದ್ರ ನೋಡಲು ಹೋದ ಕಥೆ ಜಾಸ್ತಿ ಹೇಳುವುದಿಲ್ಲ. ಗಾಜಿನ ಆಚೆ ತೊರಕೆ ಮೀನು ರೆಕ್ಕೆ ಬೀಸಿ ತೇಲುತ್ತಿತ್ತು. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅಮ್ಮ ಬಹಳ ಹೊತ್ತು ನಿಂತರು. ಕೊನೆಗೆ ಹೆಂಡತಿಯ ಕಿವಿಯಲ್ಲಿ, "ಇದಕ್ಕೆ ಹುಳಿ ಸ್ವಲ್ಪ ಮುಂದೆ ಬೇಕು" ಅಂದರು. ಜೂನ್ 1ರಿಂದ ಜುಲೈ ಕೊನೆಯವರೆಗೆ ನಮ್ಮಲ್ಲಿ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಎರಡು ತಿಂಗಳು ಒಣಮೀನೇ ಗತಿ. ಇಲ್ಲಿ ಇಷ್ಟೊಂದು ಮೀನು ಕೆಲಸ ಇಲ್ಲದೆ ಸುತ್ತುತ್ತಿರುವುದು ಅವರಿಗೆ ಸಹಿಸಲಿಕ್ಕೆ ಆಗಲಿಲ್ಲ.

ವಾಪಸು ಬಂದೆವು. ವಿಮಾನದ ಚಕ್ರ ಬಜಪೆಯ ನೆಲ ಮುಟ್ಟಿದ್ದೇ ತಡ, ಬೆಲ್ಟ್ ಬಿಚ್ಚುವ ಸದ್ದು ಪಟಪಟ ಕೇಳಿತು. ನಾನೂ ಎದ್ದು ನಿಂತು ಮೇಲಿನ ಬ್ಯಾಗಿಗೆ ಕೈ ಹಾಕಿದೆ. ಸಾಲಿನಲ್ಲಿ ಹನ್ನೊಂದು ಸಲ ಎದುರಾಗಿದ್ದ ಮುಖವೊಂದು ನನ್ನ ಕಂಕುಳ ಕೆಳಗಿನಿಂದ ನುಗ್ಗಿ ಮುಂದೆ ಹೋಯಿತು.

ಶಾಲೆ ಶುರುವಾಯಿತು. ಟೀಚರ್ ಕೇಳಿದರು, ಮಗ ಹೇಳಿದ. ಅವನ ಕ್ಲಾಸಿನಲ್ಲಿ ಅಬುಧಾಬಿಗೆ ಹೋದವರಲ್ಲಿ ಇವನು ಏಳನೆಯವನಂತೆ.

ಮೊನ್ನೆ ಭಾನುವಾರ ಮಂಗಳೂರಿನಲ್ಲಿ ಒಂದು ಮದುವೆ. ಟ್ಯಾಕ್ಸಿಗೆ ದುಡ್ಡಿಲ್ಲ, ಕಾರಣ ಮೇಲೆ ಹೇಳಿದ್ದೇನೆ. ಎಕ್ಸ್‌ಪ್ರೆಸ್ ಬಸ್ಸು ಹತ್ತಿದೆವು. ಡ್ರೈವರನ ಎದುರು ದೇವರ ಫೋಟೋ, ಮಲ್ಲಿಗೆ, ಊದುಬತ್ತಿ. ಹೊರಗೆ ಜಡಿಮಳೆ. ಒಂದು ವೈಪರ್ ಓಡುತ್ತಿತ್ತು, ಇನ್ನೊಂದು ಇತ್ತು. ಕಟಪಾಡಿ ದಾಟುವಾಗ ಹಿಂದಿನ ಬಸ್ಸು ಕನ್ನಡಿಯಲ್ಲಿ ಕಾಣಿಸಿತು. ಎರಡಕ್ಕೂ ನಡುವೆ ನಾಲ್ಕು ನಿಮಿಷದ ಟೈಮಿಂಗ್ ಇರಬೇಕಂತೆ. ನಾಲ್ಕು ಮೀಟರ್ ಇತ್ತು. ಡ್ರೈವರ್ ಸೀಟಿನಲ್ಲಿ ಸ್ವಲ್ಪ ಮುಂದೆ ಸರಿದು ಕೂತ. ಅಷ್ಟೇ, ಅಲ್ಲಿಂದ ಹೆದ್ದಾರಿಯ ಹೊಂಡಗಳು ನಮಗೆ ಒಂದೊಂದಾಗಿ ಸಿಗಲಿಲ್ಲ, ಒಟ್ಟಿಗೇ ಸಿಕ್ಕಿದವು. ಕಾಪು ಯಾವಾಗ ಬಂತು, ಯಾವಾಗ ಹೋಯಿತು, ಗೊತ್ತಾಗಲಿಲ್ಲ. ಬಾಗಿಲ ಮೆಟ್ಟಿಲಲ್ಲಿ ಕಂಡಕ್ಟರ್ ಒಂದೇ ಕೈಯಲ್ಲಿ ಜೋತುಕೊಂಡು "ದುಂಬು ಪೋಲೆ, ದುಂಬು ಪೋಲೆ" ಎಂದು ಒಳಗಿನವರನ್ನು ಮುಂದೆ ದೂಡುತ್ತಿದ್ದ.

ಅಮ್ಮ ಎದುರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ತುಟಿ ಅಲ್ಲಾಡುತ್ತಿತ್ತು. "ಅಜ್ಜಿ, ಬರೀ ತೊಂಬತ್ತರಲ್ಲಿ ಹೋಗ್ತಾ ಇರುದು" ಎಂದು ಮಗ ಧೈರ್ಯ ಹೇಳಿದ. ಅಮ್ಮ ಕಣ್ಣು ಬಿಡದೆ, "ಹಳಿ ಎಲ್ಲಿ ಉಂಟು ಮಾರಾಯ" ಅಂದರು.

ಮಗನಿಗೆ ಮಾತ್ರ ಬಹಳ ಖುಷಿ. ಪಡುಬಿದ್ರಿಯ ಹತ್ತಿರ ನಮ್ಮ ಬಸ್ಸು ಒಂದು ಲಾರಿಯನ್ನು ಹಿಂದೆ ಹಾಕಲು ಬಲಕ್ಕೆ ವಾಲಿತು. ಹೊಟ್ಟೆಯೊಳಗಿಂದ ಏನೋ ಮೇಲೆ ಬಂತು. ಮಗ ಅಬುಧಾಬಿಯ ಅಭ್ಯಾಸದಲ್ಲಿ ಎರಡೂ ಕೈ ಮೇಲೆತ್ತಿ "ಹೋ" ಎಂದು ಕೂಗಿದ.

"ಜಪ್ಪುನಿ ಉಂಡಾ?" ಎಂದ ಕಂಡಕ್ಟರ್, ಇಳಿಯುವವರು ಎಂದುಕೊಂಡು ಉದ್ದಕ್ಕೆ ಒಂದು ವಿಶಲ್ ಊದಿದ. ಬಸ್ಸು ಕಿರ್ರೆಂದು ನಿಂತಿತು. ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. ಯಾರೂ ಇಳಿಯಲಿಲ್ಲ. ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತಾ, ನಮ್ಮ ಕಿಟಕಿಗಳಿಗೆಲ್ಲ ಕೆಸರು ನೀರು ಹಾರಿಸಿ ಮುಂದೆ ಹೋಯಿತು. ಡ್ರೈವರ್ ಮಾತಾಡಲಿಲ್ಲ. ಕನ್ನಡಿಯನ್ನು ಸ್ವಲ್ಪ ತಿರುಗಿಸಿ ನನ್ನ ಮಗನನ್ನೇ ನೋಡಿದ.